ಅಕ್ಕನ ಕುರ್ಚಿಯ ಕೆಳಗಿನ ನಿಂಬೆಹಣ್ಣು

ಮಾಟದ ಕೇಸುಗಳನ್ನು ಕಾನೂನು ಹೇಗೆ ನಿಭಾಯಿಸಬೇಕೆಂದು ಸಂಶೋಧನೆ ಮಾಡಲು ಕ್ಯೋಟೋಗೆ ಬಂದ ನಾನು ಮಾಟಕ್ಕೇ ಕೈಹಾಕಿದೆ. ಮೂಲೆಯಂಗಡಿ ಕೊಂಬಿನಿಯಿಂದ ನಿಂಬೆಹಣ್ಣು ತಂದು, ಕುಂಕುಮ ಇಲ್ಲದ್ದಕ್ಕೆ ಸಾಂಬಾರ್ ಪುಡಿ ಮೆತ್ತಿ, ನಾಲ್ಕು ಗುಂಡುಸೂಜಿ ಚುಚ್ಚಿ, ರಾತ್ರಿ ಪಕ್ಕದ ಮೇಜಿನ ಅಕ್ಕನ ಕುರ್ಚಿಯ ಕೆಳಗಿಟ್ಟೆ.

ಕಾರಣ ಹೊಟ್ಟೆಕಿಚ್ಚು. ಅಕ್ಕ ಅಂದರೆ ನನ್ನ ಜೊತೆಯ ಸಂಶೋಧಕಿ, ಕಲಬುರಗಿಯವಳು. ಅಲ್ಲಿನ ವಕೀಲರ ತಂಡ ಕಳಿಸಿದ ಬಾನಾಮತಿ ಪ್ರಕರಣಗಳ ಫೈಲು ಓದಿ, ಪೊಲೀಸರಿಗೊಂದು ಕೈಪಿಡಿ ಬರೆಯುವುದು ನಮ್ಮಿಬ್ಬರ ಕೆಲಸ. ಅದನ್ನು ಕ್ಯೋಟೋಗೆ ಬರಲಿದ್ದ ಆ ವಕೀಲರ ಮುಂದೆ ಮಂಡಿಸಲು ನಮ್ಮ ಪ್ರೊಫೆಸರ್, ಅಂದರೆ ಸೆನ್ಸೇ, ಆರಿಸಿದ್ದು ಅವಳನ್ನು. ಅವಳ ಜೋಕಿಗೆ ಸೆನ್ಸೇ ನಗುತ್ತಿದ್ದರು. ನನ್ನದಕ್ಕೆ ಕನ್ನಡಕ ಒರೆಸುತ್ತಿದ್ದರು. ಅವಳ ಸೈಕಲ್ ಕೂಡ ಕಿರುಗುಟ್ಟುತ್ತಿರಲಿಲ್ಲ.

ಅಕ್ಕ ಬೆಚ್ಚಿ ಮಾತು ಮರೆಯುತ್ತಾಳೆಂದು ನನ್ನ ಲೆಕ್ಕಾಚಾರ. ಆದರೆ ಇಲ್ಲಿ ಬಿದ್ದ ವಸ್ತು ಬಿದ್ದಲ್ಲೇ ಇರುವುದಿಲ್ಲ. ಬೆಳಿಗ್ಗೆ ಗುಡಿಸಲು ಬಂದ ಅಜ್ಜಿ ಅದನ್ನು ಚೀಲಕ್ಕೆ ಹಾಕಿ, ಸಿಕ್ಕ ಜಾಗ, ಹೊತ್ತು ಎಲ್ಲ ಬರೆದು ಕಚೇರಿಗೆ ಒಪ್ಪಿಸಿದ್ದರು. ಸೂಜಿ ಕಂಡು ಕಚೇರಿಯವರಿಗೆ ಗಾಬರಿ. ಬೆಳಿಗ್ಗೆ ಆ ಕೋಣೆಗೆ ಹೋದವರು ಯಾರು? ಅಜ್ಜಿಯೊಬ್ಬರೇ. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ ಎಂದುಬಿಟ್ಟರು.

ನಾನು ಹೋದಾಗ ಅಜ್ಜಿ ಕಾರಿಡಾರಿನಲ್ಲಿ ಬಗ್ಗಿ ಬಗ್ಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದರು, ಮಾಡದ ತಪ್ಪಿಗೆ. ಕೈಪಿಡಿಯಲ್ಲಿ ನಾನೇ ಬರೆದ ಅಧ್ಯಾಯದ ಮೊದಲ ಸಾಲು ನೆನಪಾಯಿತು: ವಸ್ತು ಸಿಕ್ಕ ಕೂಡಲೇ ಹತ್ತಿರವಿದ್ದ ಮುದುಕಿಯನ್ನು ಅನುಮಾನಿಸಬೇಡಿ.

ನೇರ ಸೆನ್ಸೇ ಕೋಣೆಗೆ ಹೋಗಿ, "ಸೆನ್ಸೇ, ಇಟ್ಟಿದ್ದು ನಾನು," ಎಂದೆ. ಎಷ್ಟು ಬಗ್ಗಿದೆನೆಂದರೆ ಹಣೆ ಮೇಜಿಗೆ ಬಡಿದು ಅವರ ಚಹಾ ಚೆಲ್ಲಿತು. ಆಗಲೂ ಅವರು ನಗಲಿಲ್ಲ. ಅಜ್ಜಿಯನ್ನು ಅಂದೇ ಕೆಲಸಕ್ಕೆ ಕರೆದರು. ನಾನು ಕೈಯಾರೆ ಕ್ಷಮಾಪಣೆ ಪತ್ರ ಬರೆದು ಅಜ್ಜಿಗೆ ಕೊಟ್ಟೆ. ವಕೀಲರ ಸಭೆಯಲ್ಲಿ ನನಗೆ ಸಿಕ್ಕಿದ್ದು ಕುರ್ಚಿ ಜೋಡಿಸುವ ಕೆಲಸ. ಅಕ್ಕ ಚಪ್ಪಾಳೆ ಗಿಟ್ಟಿಸಿದಳು. ಹೊಟ್ಟೆ ಮತ್ತೆ ಉರಿಯಿತು, ಸುಳ್ಳೇಕೆ ಹೇಳಲಿ.

"ನಿಂಬೆಹಣ್ಣಿನ ಸುದ್ದಿ ಕೇಳಿ ಹೆದ್ರಿದ್ಯಾ ಅಕ್ಕಾ?" ಎಂದು ಕೇಳಿದೆ ಆಮೇಲೆ.

"ಹೆದರೂದೇನೋ ತಮ್ಮಾ! ಶರಬತ್ತಿಗೆ ಆಗೂ ಹಣ್ಣು ಹಾಳ್ ಮಾಡಿದಿ," ಎಂದಳು. ಆಮೇಲೆ ಫೈಲುಗಳ ಕಟ್ಟನ್ನು ನನ್ನತ್ತ ತಳ್ಳಿದಳು. "ಇದ್ರಾಗಿನ ಎಲ್ಲಾ ಕೇಸೂ ನಿನ್ನಂಥವ್ರ ಹೊಟ್ಟೆಕಿಚ್ಚಿನಿಂದಾನೇ ಶುರು ಆಗ್ಯಾವ. ಆದ್ರ 'ನಾನೇ ಇಟ್ಟೀನಿ' ಅಂತ ಒಬ್ರೂ ಬಂದು ಹೇಳಿಲ್ಲ ನೋಡು."