ಇದೇನು ನಿಮ್ಮಪ್ಪನ ಜಾಗವೇನ್ರೀ?

ಬೆಳಗಿನ ಐದೂಮುಕ್ಕಾಲು. ವಾಚರಮ್ಮ ಬೇಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾರೋ ಕತ್ತರಿಸಿದ ತಂತಿಯನ್ನು ಇಕ್ಕಳದಿಂದ ತಿರುಚಿ ಜೋಡಿಸುತ್ತಿದ್ದಾರೆ. ನಿನ್ನೆ ಸಂಜೆಯಷ್ಟೇ ಕಟ್ಟಿದ ತಂತಿ. "ಕತ್ತರಿಸೋರಿಗಿರೋ ಶ್ರದ್ಧೆ ನನಗಿದ್ದಿದ್ರೆ ನಾನು ಎಲ್ಲೋ ಇರ್ತಿದ್ದೆ," ಎಂದು ಗೊಣಗುತ್ತಾರೆ. ಅಷ್ಟರಲ್ಲೇ ಬಿಳಿ ಬೂಟಿನ ಒಬ್ಬರು ಬಂದು ನಿಲ್ಲುತ್ತಾರೆ. ಇದು ಕಾಯ್ದಿಟ್ಟ ಕಾಡು, ಒಳಗೆ ಹೋಗುವ ಹಾಗಿಲ್ಲ ಎಂದರೆ, "ಇದೇನು ನಿಮ್ಮಪ್ಪನ ಜಾಗವೇನ್ರೀ?" ಎಂದು ಜೋರು ಮಾಡುತ್ತಾರೆ.

ಪುಣ್ಯಾತ್ಮರಿಗೆ ಗೊತ್ತಿಲ್ಲ. ಅಪ್ಪನ ಜಾಗವೇ ಆಗಿತ್ತು! ಹನ್ನೆರಡು ಎಕರೆ ಜೋಳದ ಹೊಲ. ಸುತ್ತ ಮನೆಗಳು ಏಳತೊಡಗಿದಾಗ ಅಪ್ಪ ಮಾರಲು ಒಪ್ಪದೆ, ಮರ ಬೆಳೆಯಲಿ ಎಂದು ಅರಣ್ಯ ಇಲಾಖೆಗೆ ಬರೆದುಕೊಟ್ಟರು. ಮಗ, ಮಗಳು ಇಬ್ಬರೂ ರುಜು ಹಾಕಿದರು. ಹದಿನೇಳು ವರ್ಷದಿಂದ ಮಗಳು ಅಲ್ಲೇ ಕಾವಲಿಗಿದ್ದಾರೆ. ಊರಿಗೆಲ್ಲ ಅವರು ವಾಚರಮ್ಮ.

ದಿನಕ್ಕೆ ನಾಲ್ಕು ಸುತ್ತು, ಒಂದೊಂದೂ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ನಾನು ಜೊತೆಗಿದ್ದ ದಿನ ಮೂವತ್ತೊಂದು ಜನರನ್ನು ವಾಪಸು ಕಳಿಸಿದರು. ಎಲ್ಲರದೂ ಒಂದೇ ರಾಗ: ಅಡ್ಡದಾರಿ, ಐದು ನಿಮಿಷ ಉಳಿಯುತ್ತದೆ. ಆ ಐದು ನಿಮಿಷದಲ್ಲಿ ಏನು ಕಡಿದು ಗುಡ್ಡೆ ಹಾಕುತ್ತಾರೋ ದೇವರೇ ಬಲ್ಲ.

"ಬೈಸ್ಕೊಂಡು ಅಭ್ಯಾಸ ಆಗಿದೆ ಸಾರ್. ಭಯ ಇರೋದು ದಾರೀದು. ಮುಂದಿನ ವಾರ ಅಳತೆಯವರು ಬರ್ತಾರೆ. ಜನ ತುಳಿದು ಸವೆದ ಗೀಟು ಕಂಡ್ರೆ ನಕ್ಷೇಲಿ ದಾರಿ ಅಂತ ಬರ್ಕೊಂಡು ಹೋಗ್ತಾರೆ. ಇವತ್ತು ಕಾಲುದಾರಿ, ನಾಳೆ ಗಾಡಿದಾರಿ. ಆಮೇಲೆ ಕಾಡೆಲ್ಲಿರುತ್ತೆ?"

ಆ ಗೀಟು ಮೂಡಿಸಿದವರಲ್ಲಿ ಮೊದಲಿಗರು ಅವರ ಒಡಹುಟ್ಟಿದ ಅಣ್ಣ. ಕಾಡಿನಾಚೆ ಅವರ ಸೈಕಲ್ ರಿಪೇರಿ ಅಂಗಡಿಯಿದೆ. ಹೇಳಿ ಹೇಳಿ ಸಾಕಾಗಿ, ಕಳೆದ ತಿಂಗಳು ವಾಚರಮ್ಮ ಅಡ್ಡ ನಿಂತೇಬಿಟ್ಟರು.

"ನಮ್ಮಪ್ಪನ ಜಾಗ ಕಣೇ! ನನ್ನನ್ನೂ ತಡೀತೀಯಾ?"

"ನಮ್ಮಪ್ಪಂದೇ ಆಗಿತ್ತು ಅಣ್ಣ. ಕೊಟ್ಟಾಯ್ತು, ನೀನೂ ರುಜು ಹಾಕಿದೀಯ. ಸುತ್ತಿಕೊಂಡು ಹೋಗು."

ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದಾರೆ. ಅವರಿಗೆ ಮೊಮ್ಮಗಳು ಹುಟ್ಟಿದ ಸುದ್ದಿಯೂ ತಂಗಿಗೆ ಪಕ್ಕದ ಮನೆಯವರಿಂದಲೇ ತಿಳಿಯಿತು. ಹೇಳುವಾಗ ವಾಚರಮ್ಮನಿಗೆ ಸಿಟ್ಟು ಬರುತ್ತದೆ. "ತಾತ ಆದ್ರೂ ಮುನಿಸು ಮಾತ್ರ ಚಿಕ್ಕ ಹುಡುಗಂದು! ನಾನೇನು ನನ್ನ ಮನೆಗೆ ಕಾವಲು ಕಾಯ್ತಿದೀನಾ?"

ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅದೂ ಅವರಿಗೆ ಕಿರಿಕಿರಿಯೇ. "ಆಸೆ ಗೀಸೆ ಬಿಡಿ ಸಾರ್, ಬನ್ನಿ ಇಲ್ಲಿ," ಎಂದು ಆ ಗೀಟಿನ ಹತ್ತಿರ ಕರೆದೊಯ್ದು ನೆಲ ತೋರಿಸುತ್ತಾರೆ.

"ಅವನೀಗ ಸುತ್ತಿಕೊಂಡೇ ಹೋಗ್ತಾನೆ. ಅವನನ್ನ ನೋಡಿ ಗಿರಾಕಿಗಳೂ ಸುತ್ತಿಕೊಂಡು ಹೋಗ್ತಿದಾರೆ. ಮಾತಾಡದಿದ್ರೆ ಬೇಡ. ನೋಡಿ, ಹುಲ್ಲು ಬಂದಿದೆ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್, ತುಳೀತಿದೀರ."