ಹಳಿಗಳ ನಡುವಿನ ಸ್ತಾಂಕಾ ಚಿಕ್ಕಮ್ಮ

ಸೋಫಿಯಾ ನಗರದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. 'ಹೆಂಗಸರ ಬಜಾರ್' ಎಂಬ ಮಾರುಕಟ್ಟೆಯ ಮೂಲೆಯಲ್ಲಿ, ಟ್ರಾಮ್ ಹಳಿ ಕವಲೊಡೆಯುವ ಜಾಗದಲ್ಲಿ ಸ್ತಾಂಕಾ ಮಂಡಿಯೂರಿ ಕೂತಿದ್ದಾರೆ. ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ಕೈಯಲ್ಲಿ ತುದಿ ಬಾಗಿದ ಕಬ್ಬಿಣದ ಸಲಾಕೆ. ಹಳಿಯ ಸಂದಿಯಲ್ಲಿ ಸೇರಿಕೊಂಡ ಮರಳು, ಸಿಗರೇಟು ತುಂಡು, ಕೊಳೆತ ಎಲೆಗಳನ್ನು ಕೆರೆದು ತೆಗೆಯುತ್ತಾರೆ. ಟ್ರಾಮು ಬಂದರೆ ಎದ್ದು ಸರಿಯುತ್ತಾರೆ, ಹೋದ ಮೇಲೆ ಮತ್ತೆ ಕೂರುತ್ತಾರೆ.

"ಏನ್ ಚಿಕ್ಕಮ್ಮ, ಹಳಿಗೆ ಈ ಪಾಟಿ ಪಾಲಿಶು! ಗಂಡನ ಬೂಟಿಗೆ ಯಾವತ್ತಾದ್ರೂ ಹೊಡೆದಿದ್ದೀಯಾ?" ಅಂಗಡಿ ಬಾಗಿಲು ತೆಗೆಯುತ್ತಿರುವ ತರಕಾರಿ ವ್ಯಾಪಾರಿ ಝಪ್ರ್ಯಾನ್ ಕೆಣಕುತ್ತಾನೆ.

"ಅವನು ಈ ಹಳಿ ಥರ ನೆಟ್ಟಗಿದ್ದಿದ್ರೆ ಅವನಿಗೂ ಹೊಡೀತಿದ್ದೆ, ಹೋಗೋ!"

ಅಷ್ಟರಲ್ಲಿ ಎಲ್ಲೋ ಟ್ರಾಮಿನ ಗಂಟೆ ಕೇಳಿಸುತ್ತದೆ. ನಗು ಅಲ್ಲೇ ನಿಲ್ಲುತ್ತದೆ. ಗಾಡಿ ಇನ್ನೂ ಕಣ್ಣಿಗೇ ಬಿದ್ದಿಲ್ಲ, ಸ್ತಾಂಕಾ ಆಗಲೇ ಪಾದಚಾರಿ ಕಟ್ಟೆ ಹತ್ತಿ ನಿಂತಿದ್ದಾರೆ. "ಮುಂಚೆ ಡ್ರೈವರ್ ಬೈದ ಮೇಲೆ ಏಳ್ತಿದ್ದೆ. ಈಗ ಗಂಟೆ ಕೇಳಿದ್ರೆ ಸಾಕು, ಕೈಕಾಲು ತಣ್ಣಗಾಗ್ತವೆ," ಎನ್ನುತ್ತಾರೆ.

ಸ್ತಾಂಕಾಗೆ ಅರವತ್ತರ ಹತ್ತಿರ. ಹರೆಯದಲ್ಲಿ ನೂಲಿನ ಗಿರಣಿಯಲ್ಲಿದ್ದರು. ಅದು ಮುಚ್ಚಿದ ಮೇಲೆ ಪೊರಕೆ ಹಿಡಿದರು. ಚಳಿಗಾಲದಲ್ಲಿ ಹಳಿಯ ಸಂದಿಯ ಮಂಜುಗಡ್ಡೆ ಒಡೆಯಬೇಕು, ಬೇಸಿಗೆಯಲ್ಲಿ ಕಾದ ಕಬ್ಬಿಣದ ಝಳ ತಡೆಯಬೇಕು. ಎಲ್ಲಕ್ಕಿಂತ ಕೆಟ್ಟದ್ದು ಎಲೆ ಉದುರುವ ಕಾಲ. ಒದ್ದೆ ಎಲೆ ಹಳಿಗಂಟಿದರೆ ಬ್ರೇಕ್ ಹಾಕಿದರೂ ಟ್ರಾಮು ಜಾರುತ್ತದೆ. ದಿನಕ್ಕೆ ಹದಿನಾಲ್ಕು ಕವಲು ಅವರ ಪಾಲಿಗೆ. ಟ್ರಾಮಿನಲ್ಲಿ ಕೂತವರು ಯಾರೂ ಕೆಳಗೆ ನೋಡುವುದಿಲ್ಲ.

ಕಳೆದ ತಿಂಗಳು ಒಂದು ಬೆಳಗ್ಗೆ ಮಾತ್ರ ಎಲ್ಲರೂ ಕೆಳಗೆ ನೋಡಿದರು.

ಅವತ್ತು ಇದೇ ಬೀದಿಯ ಇಸ್ಕ್ರಾ ಎಂಬ ತಾಯಿ ಕಾಲಿನಾ ಎಂಬ ಐದು ವರ್ಷದ ಮಗಳನ್ನು ಕರೆದುಕೊಂಡು ಮನೆಗೆ ಸಾಮಾನು ತರಲು ಹೊರಟಿದ್ದರು. ಮಾವನಿಗೆ ಔಷಧಿ, ಬ್ರೆಡ್ಡು, ಕೊನೆಗೆ ಸುಡುವುದಕ್ಕೆಂದು ಒಂದು ಚೀಲ ಕೆಂಪು ದೊಣ್ಣೆಮೆಣಸಿನಕಾಯಿ. ಎರಡೂ ಕೈ ತುಂಬಿತ್ತು. ಚೀಲದ ತಳ ಹರಿದು ಕಾಯಿಗಳು ಉರುಳಿದವು. ಇಸ್ಕ್ರಾ ಬಗ್ಗಿ ಆಯತೊಡಗಿದರು. ಅಮ್ಮನಿಗೆ ನೆರವಾಗಲೆಂದು ಮಗು ಒಂದು ಕಾಯಿಯ ಹಿಂದೆ ಓಡಿತು. ಕಾಯಿ ಹಳಿಯ ಮೇಲೆ ನಿಂತಿತು. ಮಗುವಿನ ಬೂಟು ಕವಲಿನ ಸಂದಿಗೆ ಸಿಕ್ಕಿಕೊಂಡಿತು.

ತಿರುವಿನಲ್ಲಿ ಟ್ರಾಮು ಕಾಣಿಸಿತು.

ಸ್ತಾಂಕಾ ಆಚೆ ಬದಿಯಲ್ಲಿ ಕಸ ತುಂಬುತ್ತಿದ್ದರು. "ಸಲಾಕೆ ಎಸೆದು ಓಡಿದೆ. ಕಂಕುಳಿಗೆ ಕೈ ಹಾಕಿ ಎಳೆದೆ, ಬರ್ಲಿಲ್ಲ. ಇನ್ನೊಂದ್ಸಲ ಎಳೆದೆ, ಮಗು ಚೀರಿತು, ಕಾಲು ಬರ್ಲಿಲ್ಲ. ಬ್ರೇಕಿನ ಕಿರುಚಾಟ ಕಿವಿ ಪಕ್ಕದಲ್ಲೇ ಬಂತು. ತಲೆ ಎತ್ತಲಿಲ್ಲ ನಾನು. ಎತ್ತಿದ್ರೆ ಮಗು ಬಿಟ್ಟು ಓಡ್ತಿದ್ನೇನೋ." ಅವರ ಬೆರಳಿಗೆ ಬೂಟಿನ ಜಿಪ್ಪು ಸಿಕ್ಕಿತು. ಅದನ್ನು ಕೆಳಗೆಳೆದು, ಹಿಮ್ಮಡಿ ಹಿಡಿದು ಕಾಲನ್ನು ಬೂಟಿನಿಂದ ಕಿತ್ತರು. ಇಬ್ಬರೂ ಹಿಂದಕ್ಕೆ ಬಿದ್ದರು. ಟ್ರಾಮು ಬೂಟನ್ನು ಅರೆದು ಮುಂದೆ ಹೋಗಿ ನಿಂತಿತು.

ಈಚೆ ಬದಿಯಲ್ಲಿದ್ದ ತಾಯಿಗೆ ಇದ್ಯಾವುದೂ ಕಾಣಲಿಲ್ಲ. ಅದನ್ನು ಹೇಳುವಾಗ ಇಸ್ಕ್ರಾ ಈಗಲೂ ಗೋಡೆಗೆ ಕೈ ಕೊಟ್ಟು ನಿಲ್ಲುತ್ತಾರೆ.

"ಟ್ರಾಮ್ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಕಿಟಕಿ ತುಂಬ ಜನ ಕೆಳಗೆ ನೋಡ್ತಿದ್ರು. ಒಬ್ಬ ಅಜ್ಜಿ ಶಿಲುಬೆ ಗುರುತು ಹಾಕ್ಕೊಂಡ್ಲು. ಮುಗೀತು ಅಂದ್ಕೊಂಡೆ. ಸುತ್ತಿ ಹೋಗಿ ನೋಡೋ ಧೈರ್ಯ ಆಗ್ಲಿಲ್ಲ. ಆಮೇಲೆ ಆ ಕಡೆಯಿಂದ 'ನನ್ ಬೂಟು, ನನ್ ಬೂಟು' ಅಂತ ಅಳು ಕೇಳಿಸ್ತು."

ಮೂರ್ನಾಲ್ಕು ದಿನ ಆ ತಾಯಿ ಮನೆ ಬಿಟ್ಟು ಹೊರಬರಲಿಲ್ಲ. ಬಂದ ದಿನ, ಒಂದು ಕೈಯಲ್ಲಿ ಮಗಳ ಮಣಿಕಟ್ಟು, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ, ಚೀಸ್ ತುಂಬಿದ ಬಿಸಿ ಬಾನಿತ್ಸಾ ರೊಟ್ಟಿ ಹಿಡಿದು ಸ್ತಾಂಕಾ ಮುಂದೆ ನಿಂತರು. ಬಗ್ಗಿ ಸ್ತಾಂಕಾರ ಕೈಗೆ ಮುತ್ತಿಡಲು ಹೋದರು.

"ಅಯ್ಯೋ ಬಿಡೇ, ಕೈಯೆಲ್ಲ ಗ್ರೀಸು!"

"ಬೈಯಿರಿ ಚಿಕ್ಕಮ್ಮ, ನಾಲ್ಕು ಮಾತು ಬೈಯಿರಿ. ಮನೇಲಿ ಯಾರೂ ಬೈತಿಲ್ಲ. ಅದೇ ತಡ್ಕೊಳ್ಳೋಕಾಗ್ತಿಲ್ಲ."

ಸ್ತಾಂಕಾ ಬೈಯಲಿಲ್ಲ. ಮಗುವಿನ ಕಡೆ ನೋಡಿದರು. ತಾಯಿ ಬಿಗಿಹಿಡಿದ ಮಣಿಕಟ್ಟು ಕೆಂಪಾಗಿತ್ತು. "ಸ್ವಲ್ಪ ಸಡಿಲ ಬಿಡು ಮಗಳೇ. ಕೈ ನೋಯ್ತಿದೆ ಅದಕ್ಕೆ."

"ಬಿಡೋಕೆ ಆಗ್ತಿಲ್ಲ ಚಿಕ್ಕಮ್ಮ."

ಅಂದಿನಿಂದ ಶಿಶುವಿಹಾರದ ಹೊತ್ತಿಗೆ ಇಸ್ಕ್ರಾ ಹಳಿಯ ಈಚೆ ಬಂದು ನಿಲ್ಲುತ್ತಾರೆ. ಒಬ್ಬರೇ ದಾಟಲಾರರು. ಸ್ತಾಂಕಾ ಕೆಲಸ ಬಿಟ್ಟೆದ್ದು, ಎರಡೂ ಕಡೆ ನೋಡಿ, ತಾಯಿಯ ತೋಳು ಹಿಡಿದು ದಾಟಿಸುತ್ತಾರೆ. ಮಗುವೋ ಹೊಸ ಬೂಟಿನಲ್ಲಿ ಕುಣಿಯುತ್ತ ನಡೆಯುತ್ತದೆ. ದಾಟಿಸುವ ಹೆಂಗಸಿನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆ ಎಂಬುದು ಇಸ್ಕ್ರಾಗೆ ಗೊತ್ತಿಲ್ಲ. ಸ್ತಾಂಕಾ ಹೇಳಿಯೂ ಇಲ್ಲ.

"ಹೇಳಿದ್ರೆ ಆ ಹುಡುಗಿ ನನ್ನ ತೋಳು ಹಿಡೀತಾಳಾ?" ಎಂದು ಪತ್ರಿಕೆಗೆ ಬರೆಯಲು ಬಂದಿರುವ ನನ್ನನ್ನೇ ಕೇಳುತ್ತಾರೆ. ಕನಸಿನಲ್ಲಿ ಬೂಟಿನ ಜಿಪ್ಪು ಕೈಗೆ ಸಿಗುವುದಿಲ್ಲವಂತೆ. ಹುಡುಕುತ್ತಲೇ ಎಚ್ಚರವಾಗುತ್ತದಂತೆ. ಆದರೂ ಬೆಳಗ್ಗೆ ಇದೇ ಕವಲಿಗೆ ಮೊದಲು ಬರುತ್ತಾರೆ. ಬೇರೆ ಕಡೆಗೆ ಬದಲಿ ಕೇಳಬಹುದಿತ್ತಲ್ಲ ಎಂದರೆ ಒಪ್ಪದೆ ತಲೆಯಾಡಿಸುತ್ತಾರೆ. "ಇದನ್ನ ಬೇರೆಯವರು ಹೇಗೆ ಗುಡಿಸ್ತಾರೋ ಏನೋ."

ಪತ್ರಿಕೆಗೆ ಮಗುವಿನ ಜೊತೆ ಒಂದು ಫೋಟೊ ತೆಗೆಯಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿ, ಸಲಾಕೆ ಎತ್ತಿಕೊಂಡರು.

"ಆ ಮಗು ನನ್ನ ಮರೀಲಿ ಕಣಪ್ಪ. ನನ್ನ ನೆನಪಿಟ್ಕೊಂಡ್ರೆ, ಆ ಗಾಡೀನೂ ನೆನಪಿಟ್ಕೋಬೇಕಾಗುತ್ತೆ."