ಹದಿನಾಲ್ಕು ಚಂದ್ರಿಕೆಗಳ ಸ್ಟುಡಿಯೋ

ಇದನ್ನು ಹೇಳದೆ ನಲವತ್ತು ವರ್ಷ ತಳ್ಳಿದ್ದೇನೆ. ಮೊದಲು ಮದುವೆಯಾಗಲಿ ಎಂದುಕೊಂಡೆ, ಆಮೇಲೆ ಮಕ್ಕಳು ದೊಡ್ಡವರಾಗಲಿ ಎಂದುಕೊಂಡೆ, ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದುಕೊಂಡೆ. ಪೊರೆ ತೆಗೆಸಿದ್ದೂ ಆಯಿತು. ಇನ್ನು ನೆಪ ಉಳಿದಿಲ್ಲ.

ಆಗ ಕನಕಪುರದ ನಮ್ಮ ಕಡೆ ರೇಷ್ಮೆಯ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದವು. ಹುಳು ನಡುಮನೆಯಲ್ಲಿ ಮಲಗುತ್ತಿತ್ತು, ಮನುಷ್ಯರು ಜಗಲಿಯಲ್ಲಿ. ಊರಿನಲ್ಲಿ ಹುಳು ಸಾಕದವನೆಂದರೆ ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನೊಬ್ಬನೇ. ನನಗೆ ಮನೆಯ ಪಕ್ಕದ ಕೋಣೆಯಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಸ್ಟುಡಿಯೋ ಮಾಡುವ ಹುಚ್ಚು.

ಕೈಯಲ್ಲಿದ್ದ ಹಣದಲ್ಲಿ ಎಲ್ಲ ಸಾಮಾನೂ ಬರುವಂತಿರಲಿಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಕೋಡಿಹಳ್ಳಿಯವರೊಬ್ಬರನ್ನು ಕೇಳಿದೆ.

"ಡೆಕ್ ಎಂಥದಾದ್ರೂ ನಡೀತದೆ ಕಣ್ಲಾ. ಮೈಕು ಮಾತ್ರ ಒಳ್ಳೇದು ತಗೋ. ಆಮೇಲೆ ಗೋಡೆ ನೋಡ್ಕೋ. ಬರೀ ಗೋಡೆ ಮುಂದೆ ಹಾಡಿದ್ರೆ ಬಾವಿ ಒಳಗೆ ಬಿದ್ದೋನು ಕೂಗ್ದಂಗಿರ್ತದೆ" ಎಂದರು.

ಹಣವೆಲ್ಲ ಮೈಕಿಗೂ ಹೆಡ್‌ಫೋನಿಗೂ ಹೋಯಿತು. ಡೆಕ್ಕು ಸೆಕೆಂಡ್ ಹ್ಯಾಂಡ್. ಅದರ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕದಿದ್ದರೆ ಹಾಡಿನ ನಡುವೆ ಕ್ಯಾಸೆಟ್ಟನ್ನು ಉಗಿಯುತ್ತಿತ್ತು. ಮೈಕಿಗೆ ಸ್ಟ್ಯಾಂಡ್ ಕೊಳ್ಳಲಾಗದೆ, ಹುಳುವಿನ ತಟ್ಟೆ ಇಡುವ ಹಳೆಯ ಮರದ ಸ್ಟ್ಯಾಂಡಿಗೇ ಕಟ್ಟಿದೆ. ಇರುವೆ ಹತ್ತದಂತೆ ಆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು ನಮ್ಮಲ್ಲಿ ಪದ್ಧತಿ. ಅವ್ವ ಕೈ ಅಭ್ಯಾಸದಿಂದ ನಾಲ್ಕು ಬಟ್ಟಲಿಗೂ ನೀರು ತುಂಬಿ ಹೋದಳು. "ಮೈಕಿಗೂ ಇರುವೆ ಹತ್ತುತದಾ?" ಎಂದು ಯಾರೋ ಕೇಳಿದರೆ, "ನೀರು ಸದ್ದು ಕುಡೀತದೆ" ಎಂದೆ. ಇದನ್ನು ಕೇಳಿ ಹೋದ ಚನ್ನಪಟ್ಟಣದವರೊಬ್ಬರು ತಮ್ಮ ಸ್ಟುಡಿಯೋದ ತುಂಬ ಬಿಂದಿಗೆ ಇಟ್ಟರಂತೆ.

ಉಳಿದದ್ದು ಗೋಡೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಚಂದ್ರಿಕೆ ನೋಡಿದ್ದೀರಲ್ಲ, ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದ ಆಳೆತ್ತರದ ತಟ್ಟಿ. ಆ ಸುರುಳಿಯೊಳಗೆ ಹೊಕ್ಕ ಸದ್ದು ದಾರಿ ತಪ್ಪಿ ಅಲ್ಲೇ ಸಾಯುತ್ತದೆ ಎಂದು ನನಗೆ ಹೊಳೆಯಿತು. ಹಿಂದಿನ ಬೀದಿಯ ಹೆಂಗಸೊಬ್ಬರ ಬಳಿ ಹದಿನಾಲ್ಕು ಚಂದ್ರಿಕೆ ಇದ್ದವು. ಗಂಡನ ಜೊತೆ ವರ್ಷವೆಲ್ಲ ಜಗಳವಾಡಿ ಅರ್ಧ ಎಕರೆಗೆ ಹಿಪ್ಪುನೇರಳೆ ಹಾಕಿಸಿ, ಮೊದಲ ಬೆಳೆ ತೆಗೆಯುತ್ತಿದ್ದರು.

"ತಗೊಂಡೋಗು ತಮ್ಮ. ಶುಕ್ರವಾರಕ್ಕೆ ಹುಳ ಹಣ್ಣಾಯ್ತವೆ, ಗುರುವಾರ ಸಂಜೆ ಒಳಗೆ ತಂದ್ಕೊಡು. ಈ ಬೆಳೆ ಕೆಟ್ರೆ ಹಿಪ್ಪುನೇರಳೆ ಕಡ್ಡಿ ಕಿತ್ತು ರಾಗಿ ಬಿತ್ತೀನಿ ಅಂದವ್ರೆ ನಮ್ಮನೇವ್ರು" ಎಂದರು.

ಹದಿನಾಲ್ಕನ್ನೂ ತಂದು ಕೋಣೆಯ ಗೋಡೆಗಳಿಗೆ ಕಟ್ಟಿದೆ. ಗುರುವಾರ ಬೆಳಿಗ್ಗೆ ಕುದೂರಿನ ಭಜನೆ ಹಾಡುಗಾರರೊಬ್ಬರು ಹಾರ್ಮೋನಿಯಂ ಹೊತ್ತು ಬಂದರು. ಹನ್ನೊಂದರವರೆಗೆ ಕರೆಂಟಿಲ್ಲ. ಬಂದ ಮೇಲೆ ಮೂರು ಸಲ ಅವರ ಶ್ರುತಿ ಹೋಯಿತು. ನಾಲ್ಕನೆಯ ಸಲ ಕಣ್ಣು ಮುಚ್ಚಿ ಹಾಡಿದರು ನೋಡಿ, ನನ್ನ ಮೈ ಜುಮ್ಮೆಂದಿತು. ಆಗ ಬಾಗಿಲು ಬಡಿದ ಸದ್ದು.

"ತಮ್ಮಾ! ಸೆಕೆಗೆ ಇವತ್ತೇ ಹಣ್ಣಾಗ್ಬುಟ್ಟವೆ ಕಣೋ! ಚಂದ್ರಿಕೆ ಕೊಡೋ!"

ಹೆಡ್‌ಫೋನಿನಲ್ಲಿ ಅದು ನನ್ನ ಕಿವಿಯೊಳಗೇ ಕೂಗಿದಂತೆ ಕೇಳಿಸಿತು. ಮೈಕು ಕೊಟ್ಟ ಬೆಲೆಗೆ ಮೋಸ ಮಾಡಲಿಲ್ಲ. ಬಾಗಿಲು ತೆಗೆದರೆ ಚಂದ್ರಿಕೆ ಬಿಚ್ಚಬೇಕು. ಬಿಚ್ಚಿದರೆ ಕೋಣೆ ಮತ್ತೆ ಬಾವಿಯಾಗುತ್ತದೆ. ಹಾರ್ಮೋನಿಯಂ ಸದ್ದಿನಲ್ಲಿ ಕೂಗು ಸರಿಯಾಗಿ ತಿಳಿಯದೆ ಕಣ್ಣು ತೆರೆದ ಹಾಡುಗಾರರಿಗೆ ಕೈಸನ್ನೆ ಮಾಡಿದೆ: ಮುಂದುವರಿಸಿ. ಅದಾದ ಮೇಲೆ ಇನ್ನೂ ಮೂರು ಹಾಡು ಹಾಡಿಸಿದೆ. ಆ ಹೆಂಗಸು ನಾಲ್ಕು ಸಲ ಬಂದು ಕೂಗಿದರು. ನಡುನಡುವೆ ಮನೆಮನೆ ತಿರುಗಿ ಕೇಳಿದರಂತೆ. ಎಲ್ಲರ ಚಂದ್ರಿಕೆಯಲ್ಲೂ ಹುಳು ತುಂಬಿತ್ತು.

ಮಧ್ಯಾಹ್ನ ಬಾಗಿಲು ತೆಗೆದಾಗ ಅವರು ಮೊರದ ತುಂಬ ಹುಳು ಹಿಡಿದು ನಿಂತಿದ್ದರು. ಹಿಂದೆ ಅರ್ಧ ಊರು.

"ಅಷ್ಟು ಬಡ್ಕೊಂಡೆ, ಕೇಳಿಸ್ನಿಲ್ವೇನೋ?"

"ಒಳಗೆ ಒಂಚೂರೂ ಕೇಳಿಸಕಿಲ್ಲ" ಎಂದೆ.

"ಏನ್ಲಾ ಇದು! ಇಡೀ ಬೀದಿಗೆ ಕೇಳಿಸ್ತು, ಇವ್ನಿಗೆ ಕೇಳಿಸ್ನಿಲ್ವಂತೆ. ಭಾರಿ ಸ್ಟುಡಿಯೋ ಕಟ್ಟವ್ನೆ!" ಎಂದು ಗುಂಪಿನಲ್ಲಿ ಒಬ್ಬ ಬೆರಗಾದ.

ಚಂದ್ರಿಕೆ ಅವರ ಮನೆ ಸೇರುವಷ್ಟರಲ್ಲಿ ಹುಳುಗಳು ತಾವೇ ಜಾಗ ಹುಡುಕಿಕೊಂಡಿದ್ದವು. ಪೊರಕೆಯಲ್ಲಿ ಗೂಡು, ಕ್ಯಾಲೆಂಡರಿನ ಹಿಂದೆ ಗೂಡು, ದೇವರ ಪಟದ ಮೂಲೆಯಲ್ಲಿ ಗೂಡು. ಗಂಡನ ಎಡಗಾಲಿನ ಚಪ್ಪಲಿಯಲ್ಲೂ ಒಂದು ಗೂಡು. ಅದನ್ನು ಅವರು ಕೀಳಗೊಡಲಿಲ್ಲವಾಗಿ ಆತ ಎರಡು ದಿನ ಒಂದೇ ಚಪ್ಪಲಿಯಲ್ಲಿ ಓಡಾಡಿದ. ಉಳಿದವು ತಟ್ಟೆಯಲ್ಲೇ ಒಂದರ ಮೇಲೊಂದು ಬಿದ್ದು ಕಟ್ಟಿದ ಗೂಡುಗಳು ಕರೆಹಿಡಿದು ಚಪ್ಪಟೆಯಾದವು. ರಾಮನಗರದ ಮಾರ್ಕೆಟ್ಟಿನಲ್ಲಿ ಕೊಳ್ಳುವವನೊಬ್ಬ ಒಂದು ಹಿಡಿ ಎತ್ತಿ ಮತ್ತೆ ಸುರಿದು, "ಏನಮ್ಮ, ಹುಳಕ್ಕೆ ಮನೆ ಕೊಡ್ಲಿಲ್ವಾ?" ಎಂದನಂತೆ. ಮುಂದಿನ ವಾರ ಗಂಡ ಕಡ್ಡಿ ಕೀಳಿಸಿದ. ರಾಗಿ ಬಿತ್ತಿದರು.

ಅವರು ನನ್ನನ್ನು ಬಯ್ಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು: ಹೋದಲ್ಲೆಲ್ಲ ನನ್ನ ಸ್ಟುಡಿಯೋ ಹೊಗಳಿದರು. "ನಮ್ ಹುಡುಗನ ರೂಮಿನಂಥದು ಬೆಂಗ್ಳೂರಲ್ಲೂ ಇಲ್ಲ, ಗಂಟ್ಲು ಹರ್ಕೊಂಡ್ರೂ ಒಳಕ್ಕೆ ಹೋಗಕಿಲ್ಲ" ಎಂದರು. ಆ ಮಾತು ನಂಬಿ ಮಾಗಡಿಯಿಂದ, ತಿಪ್ಪಸಂದ್ರದಿಂದ ಜನ ಬಂದರು. ಎಂಟು ವರ್ಷ ಆ ಸುಳ್ಳಿನ ಮೇಲೆ ಉಂಡೆ.

ಆ ಗುರುವಾರದ ಕ್ಯಾಸೆಟ್ಟಿನಲ್ಲಿ ಎರಡನೆಯ ಚರಣದ ಹಿಂದೆ ಅವರ ಕೂಗು ಇದೆ. ಕುದೂರಿನವರು ಕೇಳಿ, "ಯಾರೋ ಹೆಣ್ಮಗಳ ಧ್ವನಿ ಐತಲ್ಲ?" ಎಂದರು. "ಕೋರಸ್ಸು" ಎಂದೆ. "ಚೆನ್ನಾಗೈತೆ, ಇರ್ಲಿ ಬುಡು" ಎಂದರು. ಊರಿಗೆಲ್ಲ ಆ ಕ್ಯಾಸೆಟ್ ಹಂಚಿದೆ, ಅವರ ಮನೆಯೊಂದು ಬಿಟ್ಟು.

ಅವರಿನ್ನೂ ಗಟ್ಟಿಯಾಗಿದ್ದಾರೆ. ಹೋದ ಭಾನುವಾರ ಮೊಮ್ಮಕ್ಕಳಿಗೆ ಅದೇ ಕಥೆ ಹೇಳಿ, "ಕೇಳ್ರಿ ಬೇಕಾದ್ರೆ, ಇವ್ನಿಗೆ ಒಸೀನೂ ಕೇಳಿಸ್ನಿಲ್ಲ" ಎಂದು ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿ, ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಹಿಂದಿನ ಬೀದಿಯ ಹೆಂಗಸು ಎಂದು ಇಲ್ಲಿಯವರೆಗೆ ಬರೆದದ್ದೂ ಹೇಡಿತನವೇ. ನನಗೆ ಕೇಳಿಸಿತ್ತು. ನಾಲ್ಕು ಸಲವೂ ಕೇಳಿಸಿತ್ತು. ಬಾಗಿಲಾಚೆ ನಿಂತು ಕೂಗಿದವಳು ನನ್ನ ಒಡಹುಟ್ಟಿದ ಅಕ್ಕ.